ಕೆಡವುವವನಲ್ಲ, ಕೈಹಿಡಿದು ಎಬ್ಬಿಸುವವನೇ ಪೈಲ್ವಾನ

ನಮ್ಮ ಕೊಪ್ಪಳ ಸೀಮೆಯ ಹಿರಿಯರ ಬಾಯಲ್ಲಿ ಗರಡಿ ಮನೆಗೆ ‘ತಾಲೀಮು’ ಎಂಬ ಇನ್ನೊಂದು ಹೆಸರಿದೆ. ‘ಹುಡುಗ ತಾಲೀಮಿಗೆ ಹೋಗ್ಯಾನ’ ಎಂದರೆ ಅವನು ಕೆಮ್ಮಣ್ಣಿನ ಅಖಾಡದಲ್ಲಿ ಮೈ ಪಳಗಿಸುತ್ತಿದ್ದಾನೆ ಎಂದು ಅರ್ಥ. ಈ ಪದ ಬಂದದ್ದು ಅರಬಿ ಭಾಷೆಯಿಂದ. ಜ್ಞಾನ ಎಂಬ ಅರ್ಥದ ‘ಇಲ್ಮ್’ ಇದರ ಮೂಲ. ‘ತಅಲೀಮ್’ ಎಂದರೆ ಕಲಿಸುವುದು. ಮದ್ರಸದಲ್ಲಿ ಮಕ್ಕಳಿಗೆ ಓದು ಹೇಳಿಕೊಡುವ ‘ಮುಅಲ್ಲಿಮ್’ ಎಂಬ ಪದವೂ ಇದೇ ಬೇರಿನಿಂದ ಹುಟ್ಟಿದ್ದು. ಕುಸ್ತಿ, ಪೈಲ್ವಾನ, ಉಸ್ತಾದ ಎಂಬ ಪದಗಳು ಪಾರ್ಸಿಯಿಂದ ಬಂದವು. ಮಲ್ಲ ಎಂಬುದು ಸಂಸ್ಕೃತದ್ದು. ಗರಡಿ, ಪಟ್ಟು ಎಂಬವು ನಮ್ಮ ಮನೆಮಾತುಗಳು. ಇಷ್ಟು ಭಾಷೆಗಳು ಒಂದೇ ಅಖಾಡದ ಮಣ್ಣಿನಲ್ಲಿ ಬೆರೆತು ಹೋಗಿವೆ.

ಬಲವನ್ನು ಬೆಳೆಸುವ ಜಾಗಕ್ಕೆ ನಮ್ಮ ಪೂರ್ವಿಕರು ‘ಹೋರಾಟದ ಮನೆ’ ಎಂದು ಹೆಸರಿಡದೆ ‘ಕಲಿಸುವ ಮನೆ’ ಎಂದು ಹೆಸರಿಟ್ಟರು. ಈ ಹೆಸರಿನ ಕುರಿತು ನಾನು ಬಹುಕಾಲ ಯೋಚಿಸಿದ್ದೇನೆ. ಮೂವತ್ತು ವರ್ಷಗಳ ಶಿಕ್ಷಕ ವೃತ್ತಿಯಲ್ಲಿ ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕೊಪ್ಪಳ ಈ ನಾಲ್ಕೂ ತಾಲ್ಲೂಕುಗಳ ಶಾಲೆಗಳಲ್ಲಿ ಕೆಲಸ ಮಾಡಿ, ಸಾವಿರಾರು ಮಕ್ಕಳನ್ನು ಕಂಡ ಮೇಲೆ ನನಗೆ ಮನವರಿಕೆಯಾದದ್ದು ಒಂದು ಮಾತು. ಛಲವೆಂಬುದು ಒಬ್ಬಂಟಿಯಾಗಿ ಬೆಳೆಯುವ ಗುಣವಲ್ಲ. ಒಬ್ಬನ ಪಟ್ಟು ಬಲವಾಗಬೇಕಾದರೆ ಇನ್ನೊಬ್ಬನು ತನ್ನ ಮೈಯನ್ನು ಅವನಿಗೆ ಒಡ್ಡಬೇಕು. ಆ ಇನ್ನೊಬ್ಬನ ಋಣವನ್ನು ನೆನೆಯುವುದಕ್ಕಾಗಿ ಈ ಲೇಖನ.

ನನ್ನ ದಾದಾ ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯವರು. ನಮ್ಮ ಸೀಮೆ ಆಗ ರಾಯಚೂರು ಜಿಲ್ಲೆಯಲ್ಲಿತ್ತು. ಅದಕ್ಕೂ ಹಿಂದೆ, 1948ರವರೆಗೆ, ನಿಜಾಮರ ಸಂಸ್ಥಾನದಲ್ಲಿತ್ತು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಯಲಬುರ್ಗಾ, ಕುಷ್ಟಗಿಗಳ ಭೂಮಿ ಮಳೆಯನ್ನೇ ನಂಬಿದ್ದು. ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಭತ್ತದ ಗದ್ದೆಗಳು ಹರಡಿದ ಮೇಲೆ, ಒಣಸೀಮೆಯ ಅನೇಕರು ಸುಗ್ಗಿಯ ಕಾಲದಲ್ಲಿ ಅಲ್ಲಿಗೆ ದುಡಿಯಲು ಹೋಗುತ್ತಿದ್ದರು. ದಾದಾ ಕೂಡ ಅಲ್ಲಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿದವರು. ಹಗಲೆಲ್ಲ ಚೀಲ ಹೊತ್ತ ಬೆನ್ನು ಮರುದಿನ ಫಜ್ರ್ ನಮಾಝಿನ ನಂತರ ಮತ್ತೆ ತಾಲೀಮಿನ ಮಣ್ಣಿಗೆ ಇಳಿಯುತ್ತಿತ್ತು.

ಅಖಾಡದ ಕೆಲಸ ಮಣ್ಣಿನಿಂದಲೇ ಆರಂಭವಾಗುತ್ತದೆ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ಹದಮಾಡಬೇಕು. ದಿನವೂ ಸಲಿಕೆ ಹಿಡಿದು ಅದನ್ನು ಅಗೆದು ಮಗುಚಬೇಕು. ಇದು ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ಪಾಠ. ಕುಸ್ತಿ ಕಲಿಯಲು ಬಂದವನ ಕೈಗೆ ಸಲಿಕೆ ಕೊಟ್ಟರೆ ಅವನಿಗೆ ಬೇಸರವಾಗುತ್ತದೆ. ಆದರೆ ಆ ಮಣ್ಣು ಮೆತ್ತಗಾಗುವುದು ತಾನು ಬೀಳುವುದಕ್ಕಷ್ಟೇ ಅಲ್ಲ, ತನ್ನಿಂದ ಬೀಳುವವನ ಎಲುಬು ಮುರಿಯದಿರಲಿ ಎಂಬುದಕ್ಕೂ ಹೌದು. ಎದುರಾಳಿಯ ಕ್ಷೇಮವನ್ನು ಮೊದಲು ಸಿದ್ಧಪಡಿಸಿ, ಆಮೇಲೆ ಅವನೊಡನೆ ಸೆಣಸುವ ವಿದ್ಯೆಯಿದು.

ದಾದಾ ದೊಡ್ಡ ಕುಸ್ತಿಗಳಲ್ಲಿ ಗೆದ್ದವರಲ್ಲ. ಜಾತ್ರೆಯ ಜಂಗೀ ನಿಕಾಲಿ ಕುಸ್ತಿಗಳಲ್ಲಿ ಅವರಿಗೆ ಸಿಕ್ಕಿದ್ದು ಒಂದೆರಡು ರುಮಾಲು, ಕೆಲವು ತೆಂಗಿನಕಾಯಿ. ಆದರೆ ಸುತ್ತಲಿನ ಹತ್ತಾರು ಹುಡುಗರು ಅವರನ್ನು ‘ಉಸ್ತಾದ್ರ’ ಎಂದು ಕರೆಯುತ್ತಿದ್ದರು. ಕಾರಣವಿಷ್ಟೆ, ಅವರು ಬೀಳುವುದಕ್ಕೆ ಹಿಂಜರಿಯುತ್ತಿರಲಿಲ್ಲ. ಹೊಸ ಪಟ್ಟೊಂದನ್ನು ಕಲಿಯುವ ಹುಡುಗನಿಗೆ ನಲವತ್ತು ಸಲವಾದರೂ ತಮ್ಮನ್ನು ಎತ್ತಿ ಒಗೆಯಲು ಬಿಡುತ್ತಿದ್ದರು. ‘ಬೀಳೂದು ಕಲ್ತವಂಗ ಏಳೂದು ತಾನಾ ಬರ್ತೈತಿ, ತಮ್ಮಾ’ ಎಂಬುದು ಅವರ ಮಾತು. ಹುಡುಗ ಗೆದ್ದು ಬಂದ ದಿನ ಊರವರು ಹುಡುಗನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರೆ, ದಾದಾ ಹಿಂದಿನಿಂದ ಅವನ ಚಪ್ಪಲಿ ಹಿಡಿದುಕೊಂಡು ನಡೆದು ಬರುತ್ತಿದ್ದರೆಂದು ನಮ್ಮ ಅಬ್ಬಾ ಹೇಳುತ್ತಿದ್ದರು.

ಆ ತಾಲೀಮಿನ ಗೋಡೆಯ ಮೇಲೆ ಆಂಜನೇಯನ ಚಿತ್ರವಿತ್ತು. ಗೆಳೆಯರು ಅಲ್ಲಿ ಕೈಮುಗಿಯುತ್ತಿದ್ದರು. ದಾದಾ ‘ಬಿಸ್ಮಿಲ್ಲಾಹ್’ ಎಂದು ಉಚ್ಚರಿಸಿ ಮಣ್ಣಿಗೆ ಇಳಿಯುತ್ತಿದ್ದರು. ತಮ್ಮ ವಿಶ್ವಾಸವನ್ನು ಅವರು ಸಡಿಲಿಸಲಿಲ್ಲ, ಇನ್ನೊಬ್ಬರ ವಿಶ್ವಾಸವನ್ನು ಕೆಣಕಲೂ ಇಲ್ಲ. ರಮಝಾನ್ ತಿಂಗಳಲ್ಲಿ ಅವರ ಉಪವಾಸವಿದ್ದಾಗ ಗೆಳೆಯರು ಅಭ್ಯಾಸದ ಹೊತ್ತನ್ನು ರಾತ್ರಿಗೆ ಬದಲಾಯಿಸುತ್ತಿದ್ದರು.

ಪ್ರವಾದಿ ಮುಹಮ್ಮದ್(ಸ)ರ ಕಾಲದ ಅರಬರಿಗೆ ಕುಸ್ತಿ ಚಿರಪರಿಚಿತವಾಗಿತ್ತು. ಎದುರಾಳಿಯನ್ನು ನೆಲಕ್ಕೆ ಕೆಡವುವವನೇ ಬಲಶಾಲಿ ಎಂಬ ಸಾಮಾನ್ಯ ತಿಳುವಳಿಕೆಯನ್ನು ಪ್ರವಾದಿವರ್ಯರು(ಸ) ತಿದ್ದಿದರು. ಕೋಪ ಬಂದಾಗ ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವವನೇ ನಿಜವಾದ ಬಲಶಾಲಿ ಎಂದು ಅವರು ಕಲಿಸಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳು ವರದಿ ಮಾಡಿವೆ. ಈ ಹದೀಸನ್ನು ನಾವು ಜುಮುಅದ ಉಪನ್ಯಾಸಗಳಲ್ಲಿ ಅನೇಕ ಸಲ ಕೇಳಿದ್ದೇವೆ. ಆದರೆ ಅದರ ಸತ್ಯವನ್ನು ಕುಸ್ತಿಯಾಡಿದವನು ಮೈಯಿಂದಲೇ ಬಲ್ಲ. ಅಖಾಡದಲ್ಲಿ ಸಿಟ್ಟಿಗೆದ್ದವನ ಉಸಿರು ಮೊದಲು ಕೆಡುತ್ತದೆ, ಕಾಲು ತಪ್ಪುತ್ತದೆ, ಎದುರಾಳಿಗೆ ಪಟ್ಟು ಸಿಗುತ್ತದೆ. ಸಹನೆ ಅಲ್ಲಿ ಉಪದೇಶದ ಮಾತಾಗಿ ಉಳಿಯುವುದಿಲ್ಲ, ನಿಂತ ನೆಲವಾಗುತ್ತದೆ.

ಬಲವನ್ನು ಇಸ್ಲಾಮ್ ನಿರಾಕರಿಸಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ದುರ್ಬಲ ವಿಶ್ವಾಸಿಗಿಂತ ಬಲಿಷ್ಠ ವಿಶ್ವಾಸಿಯು ಅಲ್ಲಾಹನಿಗೆ ಹೆಚ್ಚು ಪ್ರಿಯನೆಂದೂ, ಆದರೂ ಇಬ್ಬರಲ್ಲಿಯೂ ಒಳಿತಿದೆಯೆಂದೂ ಪ್ರವಾದಿವರ್ಯರು(ಸ) ತಿಳಿಸಿರುವುದು ಮುಸ್ಲಿಮ್ ಸಂಗ್ರಹದಲ್ಲಿದೆ. ಆ ಎರಡನೆಯ ಭಾಗವನ್ನು ನಾವು ಅವಸರದಲ್ಲಿ ಮರೆತುಬಿಡುತ್ತೇವೆ. ಬಲಿಷ್ಠನನ್ನು ಹೊಗಳುವಾಗಲೂ ದುರ್ಬಲನನ್ನು ಹೊರಗಿಡದ ಮಾತು ಅದು.

ಸೀರಾ ಗ್ರಂಥಗಳಲ್ಲಿ ಬರುವ ಒಂದು ಪ್ರಸಂಗವನ್ನು ನಾನು ಶಾಲೆಯ ಹುಡುಗರಿಗೆ ಅನೇಕ ಸಲ ಹೇಳಿದ್ದೇನೆ. ಉಹುದ್ ಯುದ್ಧಕ್ಕೆ ಹೊರಡುವಾಗ ಚಿಕ್ಕ ವಯಸ್ಸಿನವರನ್ನು ಪ್ರವಾದಿವರ್ಯರು(ಸ) ಮನೆಗೆ ಹಿಂದಿರುಗಿಸುತ್ತಿದ್ದರು. ರಾಫಿಅ್ ಬಿನ್ ಖದೀಜ್(ರ) ಒಳ್ಳೆಯ ಬಿಲ್ಲುಗಾರನೆಂದು ತಿಳಿದಾಗ ಅವರಿಗೆ ಅನುಮತಿ ಸಿಕ್ಕಿತು. ಆಗ ಸಮುರಃ ಬಿನ್ ಜುಂದುಬ್(ರ) ಎಂಬ ಇನ್ನೊಬ್ಬ ಹುಡುಗ, ಕುಸ್ತಿಯಲ್ಲಿ ತಾನು ರಾಫಿಅ್‌ನನ್ನು ಕೆಡವಬಲ್ಲೆನೆಂಬ ವಾದ ಮುಂದಿಟ್ಟರು. ಇಬ್ಬರ ನಡುವೆ ಕುಸ್ತಿ ನಡೆಯಿತು. ಸಮುರಃ(ರ) ಗೆದ್ದರು, ಅವರಿಗೂ ಅನುಮತಿ ದೊರೆಯಿತು. ಇದರಲ್ಲಿ ನನ್ನ ಮನಸ್ಸನ್ನು ಸೆಳೆಯುವುದು ಗೆಲುವಲ್ಲ. ಸೋತ ರಾಫಿಅ್(ರ) ಅವರ ಸ್ಥಾನವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಗೆದ್ದವನಿಗೂ ಸೋತವನಿಗೂ ಅಲ್ಲಿ ಸ್ಥಳವಿತ್ತು. ಒಬ್ಬನ ಏಳಿಗೆಗೆ ಇನ್ನೊಬ್ಬನ ಪತನವೇ ಬೆಲೆಯಾಗಬೇಕಿಲ್ಲ ಎಂಬುದು ಆ ಪ್ರಸಂಗದ ಪಾಠ.

ನಮ್ಮ ಹಿರಿಯರ ಬಾಯಲ್ಲಿ ಸದಾ ಇದ್ದ ಹೆಸರು ಗಾಮಾ ಪೈಲ್ವಾನರದು. 1910ರಲ್ಲಿ ಲಂಡನ್ನಿಗೆ ಹೋದಾಗ ಎತ್ತರ ಸಾಲದೆಂದು ಅವರನ್ನು ಮೊದಲು ಸ್ಪರ್ಧೆಗೇ ಸೇರಿಸಿಕೊಳ್ಳಲಿಲ್ಲ. ಅವರು ಬಂದವರಿಗೆಲ್ಲ ಸವಾಲು ಹಾಕಿ, ಒಬ್ಬೊಬ್ಬರನ್ನೇ ಸೋಲಿಸಿ, ಕೊನೆಗೆ ಪೋಲೆಂಡಿನ ಪ್ರಸಿದ್ಧ ಮಲ್ಲ ಝ್ಬಿಷ್ಕೊ ಎದುರು ಎರಡೂವರೆ ಗಂಟೆಗೂ ಮಿಕ್ಕಿ ಸೆಣಸಿದರು. ನಿರ್ಣಯವಾಗಲಿಲ್ಲ. ಮತ್ತೆ ನಿಗದಿಯಾದ ದಿನ ಎದುರಾಳಿ ಬರಲಿಲ್ಲ, ಗಾಮಾ ವಿಜೇತರಾದರು. ಈ ಕಥೆ ಎಲ್ಲರಿಗೂ ಗೊತ್ತು. ಆದರೆ ದೇಶವಿಭಜನೆಯ ಗಲಭೆಯಲ್ಲಿ, 1947ರ ಲಾಹೋರಿನಲ್ಲಿ, ತಮ್ಮ ಬೀದಿಯ ಹಿಂದೂ ನೆರೆಯವರ ರಕ್ಷಣೆಗೆ ಗಾಮಾ ಎದೆಯೊಡ್ಡಿ ನಿಂತರೆಂದು ಅವರ ಬದುಕನ್ನು ಬರೆದವರು ದಾಖಲಿಸಿರುವುದನ್ನು ಕಡಿಮೆ ಜನ ಬಲ್ಲರು. ಲಂಡನ್ನಿನ ಪಟ್ಟಕ್ಕಿಂತ ಲಾಹೋರಿನ ಆ ಬೀದಿಯಲ್ಲಿಯೇ ಅವರ ಪೈಲ್ವಾನಿಕೆ ಪೂರ್ಣವಾಯಿತೆಂದು ನಾನು ಭಾವಿಸುತ್ತೇನೆ.

ಇಂದು ನಮ್ಮ ಊರುಗಳಲ್ಲಿ ಗರಡಿಗಳು ವಿರಳವಾಗಿ, ಕರಾಟೆಯ ತರಗತಿಗಳು ಹೆಚ್ಚಾಗಿವೆ. ಬಿಳಿಯ ಉಡುಪು ತೊಟ್ಟ ಮಕ್ಕಳು ಸಂಜೆಯ ಹೊತ್ತು ಶಾಲಾ ಮೈದಾನಗಳಲ್ಲಿ ಸಾಲಾಗಿ ನಿಂತಿರುವುದನ್ನು ಕೊಪ್ಪಳದಲ್ಲಿಯೂ ಗಂಗಾವತಿಯಲ್ಲಿಯೂ ಕಾಣುತ್ತೇವೆ. ದೂರದ ಜಪಾನಿನಿಂದ ಬಂದ ಈ ವಿದ್ಯೆಗಳ ಒಳಹೊಕ್ಕು ನೋಡಿದರೆ ನಮ್ಮ ತಾಲೀಮಿನದೇ ನೀತಿ ಅಲ್ಲಿಯೂ ಕಾಣುತ್ತದೆ. ‘ಕರಾಟೆ’ ಎಂಬ ಪದಕ್ಕೆ ಬರಿಗೈ ಎಂದು ಅರ್ಥ. ಈ ವಿದ್ಯೆಯನ್ನು ಒಕಿನಾವಾ ದ್ವೀಪದಿಂದ 1922ರಲ್ಲಿ ಟೋಕಿಯೊಗೆ ತಂದು ಪ್ರದರ್ಶಿಸಿದ ಗಿಚಿನ್ ಫುನಾಕೋಶಿ ವೃತ್ತಿಯಿಂದ ಶಾಲಾ ಶಿಕ್ಷಕರು. ಹುಟ್ಟಿನಿಂದ ಅಶಕ್ತರಾಗಿದ್ದ ಅವರು ಬಹುಕಾಲ ಬದುಕಲಾರರೆಂದೇ ಮನೆಯವರು ತಿಳಿದಿದ್ದರು. ಹಗಲು ಶಾಲೆಯಲ್ಲಿ ಪಾಠ ಹೇಳಿ, ರಾತ್ರಿ ಗುರುಗಳ ಮನೆಗೆ ನಡೆದುಹೋಗಿ ವರ್ಷಗಟ್ಟಲೆ ಅಭ್ಯಾಸ ಮಾಡಿದ ಆ ವ್ಯಕ್ತಿ 1957ರವರೆಗೆ ಬದುಕಿದರು. ಕರಾಟೆ ಕಲಿತವನು ತಾನಾಗಿ ಮೊದಲ ಏಟು ಹಾಕಬಾರದು ಎಂಬುದು ಅವರು ಶಿಷ್ಯರಿಗೆ ವಿಧಿಸಿದ ನಿಯಮಗಳಲ್ಲೊಂದು.

ಜೂಡೋ ವಿದ್ಯೆಯನ್ನು ರೂಪಿಸಿದ ಜಿಗೊರೊ ಕಾನೊ ಕೂಡ ಶಿಕ್ಷಕರೇ. 1882ರಲ್ಲಿ ಒಂದು ಮಂದಿರದ ಚಿಕ್ಕ ಕೋಣೆಯಲ್ಲಿ ಬೆರಳೆಣಿಕೆಯ ಶಿಷ್ಯರೊಡನೆ ಅವರು ಕಲಿಸತೊಡಗಿದರು. ಜೂಡೋದಲ್ಲಿ ಎತ್ತಿ ಒಗೆಯುವುದಕ್ಕಿಂತ ಮೊದಲು, ಪೆಟ್ಟಾಗದಂತೆ ಬೀಳುವುದನ್ನು ಕಲಿಸುತ್ತಾರೆ. ಪಟ್ಟನ್ನು ಅಭ್ಯಾಸ ಮಾಡುವಾಗ ಒಬ್ಬನು ಒಗೆಯುವವನು, ಇನ್ನೊಬ್ಬನು ಬೀಳುವವನು. ಬೀಳುವವನ ಪಾತ್ರವೂ ವಿದ್ಯೆಯ ಅಂಗವೇ. ಕಾನೊ ತಮ್ಮ ವಿದ್ಯೆಗೆ ಎರಡು ಮೂಲತತ್ವಗಳನ್ನು ಇಟ್ಟರು. ಇರುವ ಶಕ್ತಿಯ ಸದುಪಯೋಗ ಒಂದು, ತಾನೂ ಇತರರೂ ಕೂಡಿಯೇ ಏಳಿಗೆ ಹೊಂದುವುದು ಇನ್ನೊಂದು. ಹಮಾಲಿ ಮಾಡುತ್ತಿದ್ದ ನಮ್ಮ ದಾದಾ ಕಾನೊ ಹೆಸರನ್ನು ಕೇಳಿರಲಿಲ್ಲ. ಆದರೂ ಹುಡುಗನ ಪಟ್ಟಿಗಾಗಿ ನಲವತ್ತು ಸಲ ಬಿದ್ದು ಎದ್ದ ಅವರು ಆ ತತ್ವವನ್ನು ಬಲ್ಲವರೇ ಆಗಿದ್ದರು.

ಈ ಕಲೆಗಳ ಬಗ್ಗೆ ನಮ್ಮ ಮನೆಗಳಲ್ಲಿ ಕೆಲವು ಪ್ರಶ್ನೆಗಳಿವೆ, ಅವು ನ್ಯಾಯವಾದ ಪ್ರಶ್ನೆಗಳು. ಗುರುವಿಗೆ ತಲೆಬಾಗಿ ನಮಿಸುವ ಕ್ರಮದ ಬಗ್ಗೆ ಅನೇಕ ತಂದೆತಾಯಿಯರಿಗೆ ಅಳುಕಿದೆ. ಸುಜೂದ್ ಮತ್ತು ರುಕೂಅ್ ಅಲ್ಲಾಹನಿಗೆ ಮಾತ್ರ ಸಲ್ಲತಕ್ಕವು. ತರಬೇತುದಾರರೊಡನೆ ಮೊದಲೇ ಸೌಜನ್ಯದಿಂದ ಮಾತನಾಡಿದರೆ, ಎದೆಯ ಮೇಲೆ ಕೈಯಿಟ್ಟು ಗೌರವ ಸೂಚಿಸುವುದಕ್ಕೋ ಕೈಕುಲುಕುವುದಕ್ಕೋ ಅವರು ಒಪ್ಪುತ್ತಾರೆ. ಮುಖಕ್ಕೆ ಹೊಡೆಯುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿರುವುದು ಹದೀಸಿನಲ್ಲಿದೆ. ಆದುದರಿಂದ ಅಭ್ಯಾಸದಲ್ಲಿ ಮುಖವನ್ನು ತಪ್ಪಿಸುವ, ಏಟನ್ನು ಮೈಗೆ ತಾಗುವ ಮೊದಲೇ ತಡೆಯುವ ಶಿಸ್ತನ್ನು ಕಲಿಸುವ ಗುರುವನ್ನು ಆರಿಸಿಕೊಳ್ಳಬೇಕು. ಇಂತಹ ಮಾತುಗಳನ್ನು ಎದುರಾಎದುರು ಕುಳಿತು ಬಗೆಹರಿಸಿಕೊಳ್ಳಬಹುದು. ಅಳುಕಿನ ಕಾರಣಕ್ಕೆ ಮಗುವನ್ನು ಮನೆಯಲ್ಲೇ ಕೂರಿಸಬೇಕಾದ ಅಗತ್ಯವಿಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಸರ್ಕಾರಿ ಶಾಲೆಗಳ ಬಾಲಕಿಯರಿಗೆ ಮೂರು ತಿಂಗಳ ಆತ್ಮರಕ್ಷಣಾ ತರಬೇತಿ ಕೊಡುವ ಯೋಜನೆ ಜಾರಿಯಲ್ಲಿದೆ. ಕುಷ್ಟಗಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನಿದ್ದಾಗ ನಮ್ಮಲ್ಲಿಯೂ ಅದು ನಡೆಯಿತು. ಗಂಗಾವತಿಯಿಂದ ಒಬ್ಬ ತರಬೇತುದಾರ್ತಿ ಬಸ್ಸಿನಲ್ಲಿ ಬರುತ್ತಿದ್ದರು. ನಮ್ಮ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ತಂದೆ ಟಂಟಂ ಓಡಿಸುವವರು, ನಮ್ಮ ಸಮುದಾಯದವರು. ಅವರು ಶಾಲೆಗೆ ಬಂದು, ‘ಹೆಣ್ಮಗಳು ಜಗಳಗಂಟಿ ಆಗ್ತಾಳ್ರಿ ಸರ, ಬ್ಯಾಡ್ರಿ’ ಎಂದರು. ಕಲಿಸುವವರು ಹೆಂಗಸು, ಅಭ್ಯಾಸ ಮುಚ್ಚಿದ ಸಭಾಂಗಣದಲ್ಲಿ, ತುಂಬುತೋಳಿನ ಉಡುಪು, ತಲೆಯ ಮೇಲೆ ದುಪಟ್ಟಾ ಇರಬಹುದು ಎಂದು ನಾನು ವಿವರಿಸಿದೆ. ಒಂದು ದಿನ ಮಗಳ ಅಮ್ಮಿಯನ್ನು ಕಳಿಸಿ, ಬಾಗಿಲ ಬಳಿ ಕುಳಿತು ನೋಡಲಿ ಎಂದೆ. ಅವರು ಬಂದು ನೋಡಿದರು. ಮರುದಿನದಿಂದ ಹುಡುಗಿ ಸಾಲಿನಲ್ಲಿ ನಿಂತಳು.

ಅವಳಿಗೆ ಜೋಡಿಯಾದವಳು ಕುರಿ ಕಾಯುವವರ ಮನೆಯ ಮಗಳು. ಇವಳು ಚುರುಕು, ಅವಳು ನಿಧಾನ. ಇವಳು ಒಮ್ಮೆ ನೋಡಿ ಕಲಿತದ್ದನ್ನು ಅವಳು ಹತ್ತು ದಿನ ಕಲಿಯುತ್ತಿದ್ದಳು. ಬೇರೆ ಜೋಡಿ ಬೇಕೇ ಎಂದು ತರಬೇತುದಾರ್ತಿ ಕೇಳಿದಾಗ ಈ ಹುಡುಗಿ ಬೇಡವೆಂದಳು. ‘ನನ್ನ ಜೋಡಿ ಕಲಿಲಿಲ್ಲ ಅಂದ್ರ ನಾ ಹೆಂಗ ಕಲೀಲಿ, ಮೇಡಮ್’ ಎಂದಳಂತೆ. ಎದುರಿಗೆ ನಿಂತವಳು ಸರಿಯಾಗಿ ಏಟು ಬೀಸದಿದ್ದರೆ ತಾನು ತಡೆಯುವುದನ್ನು ಕಲಿಯುವುದು ಅಸಾಧ್ಯವೆಂಬ ಸರಳ ಸತ್ಯ ಅವಳಿಗೆ ತಿಳಿದಿತ್ತು. ಮೂರು ತಿಂಗಳು ಮುಗಿದ ಮೇಲೆ ತರಬೇತುದಾರ್ತಿ ಬರುವುದು ನಿಂತಿತು. ಆದರೆ ಶನಿವಾರ ಶಾಲೆ ಬಿಟ್ಟ ನಂತರ ಆ ಇಬ್ಬರು ಎಂಟನೆಯ ತರಗತಿಯ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕಲಿಸತೊಡಗಿದರು.

ಪರೀಕ್ಷೆ ಎದುರಾದದ್ದು ಮರುವರ್ಷ. ನಮ್ಮ ಒಣಸೀಮೆಯ ಕುಟುಂಬಗಳು ಮಳೆ ಕೈಕೊಟ್ಟಾಗ ಗೋವಾಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಗುಳೆ ಹೋಗುವುದು ನಿಮಗೆಲ್ಲ ಗೊತ್ತಿದೆ. ಹತ್ತನೆಯ ತರಗತಿಯ ನಡುವೆಯೇ ಆ ನಿಧಾನದ ಹುಡುಗಿಯ ಮನೆಯವರು ಗೋವಾಕ್ಕೆ ಹೊರಟರು. ಅವಳೂ ಹೋದಳು. ಗುಳೆ ಹೋದ ಹೆಣ್ಣುಮಗಳು ಶಾಲೆಗೆ ಮರಳುವುದನ್ನು ನಾನು ಕಂಡದ್ದು ಕಡಿಮೆ. ಅಲ್ಲಿಂದ ಸಾಮಾನ್ಯವಾಗಿ ಬರುವ ಸುದ್ದಿ ಮದುವೆಯದು. ಟಂಟಂ ಓಡಿಸುವವರ ಮಗಳು ಮಾತ್ರ ಕೈಬಿಡಲಿಲ್ಲ. ದಿನದ ಪಾಠಗಳನ್ನು ಎರಡು ಪುಸ್ತಕಗಳಲ್ಲಿ ಬರೆದಳು, ಒಂದು ತನಗೆ, ಒಂದು ಗೆಳತಿಗೆ. ಗೋವಾಕ್ಕೆ ಹೋಗುವ ಊರವರ ಕೈಯಲ್ಲಿ ಆ ಪುಸ್ತಕಗಳನ್ನು ಕಳಿಸಿದಳು. ಅವಳ ಅಬ್ಬಾ ತಮ್ಮ ಫೋನಿನಿಂದ ವಾರಕ್ಕೊಮ್ಮೆ ಆ ಮನೆಯವರೊಡನೆ ಮಾತನಾಡಿ, ಪರೀಕ್ಷೆಗಾದರೂ ಮಗಳನ್ನು ಕಳಿಸಿರೆಂದು ವಿನಂತಿಸಿದರು. ಮಗಳು ಜಗಳಗಂಟಿಯಾಗುವಳೆಂದು ಹೆದರಿದ್ದ ಅದೇ ತಂದೆ.

ಮಾರ್ಚ್ ತಿಂಗಳಲ್ಲಿ ಆ ಹುಡುಗಿ ಮರಳಿ ಬಂದಳು, ಪರೀಕ್ಷೆ ಬರೆದಳು, ಗಣಿತದಲ್ಲಿ ಅನುತ್ತೀರ್ಣಳಾದಳು. ಚುರುಕಿನವಳು ಪ್ರಥಮ ದರ್ಜೆಯಲ್ಲಿ ಪಾಸಾಗಿ ಕುಷ್ಟಗಿಯ ಕಾಲೇಜಿಗೆ ಅರ್ಜಿ ಹಾಕಿದ್ದಳು. ಆದರೂ ಆ ಬೇಸಿಗೆಯಿಡೀ ಇಬ್ಬರೂ ನಮ್ಮ ಶಾಲೆಯ ಜಗುಲಿಯ ಮೇಲೆ ಕುಳಿತು ಲೆಕ್ಕ ಮಾಡಿದರು. ತಪ್ಪಾದ ಲೆಕ್ಕವನ್ನು ಅಳಿಸಲು ಅವಳು ಬಿಡುತ್ತಿರಲಿಲ್ಲ. ಎಲ್ಲಿ ಕಾಲು ಜಾರಿತು ನೋಡಿಕೋ ಎಂದು ಅದರ ಪಕ್ಕದಲ್ಲೇ ಮತ್ತೆ ಮಾಡಿಸುತ್ತಿದ್ದಳು. ಪೂರಕ ಪರೀಕ್ಷೆಯಲ್ಲಿ ಗೆಳತಿ ಪಾಸಾದಳು. ಅಂಕ ದೊಡ್ಡದಲ್ಲ. ಆದರೆ ಆ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದ ಮೊದಲ ಹೆಣ್ಣುಮಗಳು ಅವಳು. ಅದೇ ತರಗತಿಯಿಂದ ಗುಳೆ ಹೋದ ಇನ್ನಿಬ್ಬರು ಹುಡುಗಿಯರು ಮರಳಲಿಲ್ಲ. ಅವರಿಗೆ ಜೋಡಿಯಾಗಿ ನಿಂತವರು ಯಾರೂ ಇರಲಿಲ್ಲ.

ಪವಿತ್ರ ಕುರ್‌ಆನಿನ ಆಲಿ ಇಮ್ರಾನ್ ಅಧ್ಯಾಯದ ಕೊನೆಯ ಸೂಕ್ತದಲ್ಲಿ ಸಹನೆಗೆ ಸಂಬಂಧಿಸಿದ ಎರಡು ಆಜ್ಞೆಗಳು ಒಂದರ ಹಿಂದೊಂದು ಬರುತ್ತವೆ. ‘ಇಸ್‌ಬಿರೂ’ ಎಂಬುದು ಮೊದಲನೆಯದು, ತಾನು ಸಹನೆಯಿಂದಿರುವುದು. ‘ಸಾಬಿರೂ’ ಎಂಬುದು ಎರಡನೆಯದು. ಅರಬಿ ವ್ಯಾಕರಣದ ಪ್ರಕಾರ ಈ ರೂಪದಲ್ಲಿ ಎದುರಿಗೆ ಇನ್ನೊಬ್ಬರಿರುವ ಅರ್ಥ ಅಡಗಿದೆ. ಎದುರಾಳಿಗಿಂತ ಮಿಗಿಲಾಗಿ ಸ್ಥಿರವಾಗಿ ನಿಲ್ಲಬೇಕೆಂದು ವ್ಯಾಖ್ಯಾನಕಾರರು ಇದನ್ನು ವಿವರಿಸಿದ್ದಾರೆ. ಇನ್ನು ಅಲ್ ಅಸ್ರ್ ಅಧ್ಯಾಯವನ್ನು ನೋಡಿದರೆ, ನಷ್ಟದಿಂದ ಪಾರಾಗುವವರ ಲಕ್ಷಣಗಳಲ್ಲಿ ಪರಸ್ಪರ ಸಹನೆಯನ್ನು ಬೋಧಿಸುವುದೂ ಒಂದು. ವಿಶ್ವಾಸವಿರಿಸಿ, ಸತ್ಕರ್ಮ ಮಾಡಿ, ತಾನೊಬ್ಬನೇ ತಾಳಿಕೊಂಡರೆ ಅಲ್ಲಿಗೆ ಮುಗಿಯುವುದಿಲ್ಲ. ಇನ್ನೊಬ್ಬನೂ ತಾಳುವಂತೆ ಅವನ ಪಕ್ಕದಲ್ಲಿ ನಿಲ್ಲಬೇಕು. ಕುಷ್ಟಗಿ ತಾಲ್ಲೂಕಿನ ಆ ಶಾಲೆಯ ಜಗುಲಿಯ ಮೇಲೆ ಈ ಮೂರು ಸೂಕ್ತಗಳ ಪುಟ್ಟ ಅಧ್ಯಾಯದ ವ್ಯಾಖ್ಯಾನವನ್ನು ನಾನು ಕಣ್ಣಾರೆ ಕಂಡೆ.

ಗೆಲುವಿನ ಹಸಿವು ತಪ್ಪೆಂದು ಇದರ ಅರ್ಥವಲ್ಲ. ನಮ್ಮಂತೆಯೇ ಹಿಂದೆ ನಿಜಾಮರ ಸಂಸ್ಥಾನದಲ್ಲಿದ್ದ ನಿಜಾಮಾಬಾದಿನ ನಿಖತ್ ಝರೀನ್ ಅವರನ್ನು ನೋಡಿ. 2011ರಲ್ಲಿ ಕಿರಿಯರ ವಿಶ್ವ ಬಾಕ್ಸಿಂಗ್ ಚಾಂಪಿಯನ್ ಆದವರು. 2017ರಲ್ಲಿ ಭುಜದ ಗಾಯವಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 2019ರ ಕೊನೆಯಲ್ಲಿ ಒಲಿಂಪಿಕ್ ಅರ್ಹತಾ ಸ್ಪರ್ಧೆಗೆ ನಡೆದ ಆಯ್ಕೆಯಲ್ಲಿ ಸೋತರು. ಹೆಣ್ಣುಮಗಳಿಗೆ ಇದೇಕೆ ಎಂದು ಆಡಿಕೊಂಡವರೂ ಇದ್ದರು. ಅವರ ತಂದೆ ಮಗಳ ಬೆನ್ನಿಗೆ ನಿಂತರು. 2022ರಲ್ಲಿ ಇಸ್ತಾಂಬುಲ್‌ನಲ್ಲಿಯೂ 2023ರಲ್ಲಿ ದಿಲ್ಲಿಯಲ್ಲಿಯೂ ನಿಖತ್ ವಿಶ್ವ ಚಾಂಪಿಯನ್ ಆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪದಕವಿಲ್ಲದೆ ಮರಳಿದರು. ಬದುಕೆಂದರೆ ಹೀಗೆಯೇ, ಏಳು ಬೀಳುಗಳ ನಡುವೆ ನಿಂತಿರುವುದು.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸೌದಿ ಅರೇಬಿಯಾದ ವುಜ್ದಾನ್ ಶಹ್ರಖಾನಿ ಎಂಬ ಹದಿನಾರು ವರ್ಷದ ಹುಡುಗಿ ತಲೆಗೆ ವಸ್ತ್ರ ಧರಿಸಿ ಜೂಡೋ ಕಣಕ್ಕೆ ಇಳಿದಳು. ಆ ದೇಶದಿಂದ ಒಲಿಂಪಿಕ್ಸ್‌ಗೆ ಹೋದ ಮೊದಲ ಇಬ್ಬರು ಮಹಿಳೆಯರಲ್ಲಿ ಅವಳೊಬ್ಬಳು. 82 ಸೆಕೆಂಡುಗಳಲ್ಲಿ ಸೋತಳು. ಸಭಾಂಗಣದ ಜನ ಚಪ್ಪಾಳೆ ತಟ್ಟಿ ಅವಳನ್ನು ಬೀಳ್ಕೊಟ್ಟರು. ಆ 82 ಸೆಕೆಂಡುಗಳ ನಂತರ ಅವಳ ಹಿಂದೆ ಬರುವ ಎಷ್ಟೋ ಹುಡುಗಿಯರಿಗೆ ದಾರಿ ತೆರೆಯಿತು. ತಾನು ಸೋತು ಇತರರಿಗೆ ಹಾದಿಯಾಗುವುದೂ ಒಂದು ಸೇವೆಯೇ.

ನಮ್ಮ ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡುವಿನಲ್ಲಿಯೂ ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳಿವೆ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿದ ಆ ಮಾತುಗಳ ಸಾರಾಂಶವನ್ನು ಮಕ್ಕಳಿಗೆ ಹೇಳುವಾಗ ನನಗೆ ಹೆಮ್ಮೆಯೆನಿಸುತ್ತದೆ. ಉನ್ನತವಾದುದನ್ನು ಪಡೆಯುವುದು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಎಡೆಬಿಡದೆ ಪ್ರಯತ್ನಿಸಿದರೆ ಸಣ್ಣವನಿಗೂ ಅದು ಸಾಧ್ಯ ಎಂಬ ಆಶಯ ಅದರಲ್ಲಿದೆ. ರಾಜನೊಬ್ಬನು ಸಣ್ಣವನ ಪ್ರಯತ್ನವನ್ನು ಗೌರವಿಸಿ ಬಂಡೆಯ ಮೇಲೆ ಬರೆಸಿದ ಊರು ನಮ್ಮದು. ಅಲ್ಪವಾದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಂಬಿದ ನಮಗೆ, ಈ ಊರಿನ ಕಲ್ಲೂ ಅಪರಿಚಿತವೆನಿಸುವುದಿಲ್ಲ.

ಪ್ರಿಯ ಸಹೋದರ ಸಹೋದರಿಯರೇ, ನಮ್ಮ ಮೊಹಲ್ಲಾಗಳಲ್ಲಿ ಮಾಡಬಹುದಾದ ಕೆಲವು ಕೆಲಸಗಳನ್ನು ಇಲ್ಲಿ ಮುಂದಿಡುತ್ತೇನೆ. ಮಕ್ಕಳನ್ನು ಗರಡಿಗೋ ಕರಾಟೆಗೋ ಸೇರಿಸುವಾಗ, ಮೊದಲ ದಿನವೇ ಅವರಿಗೆ ಈ ವಿದ್ಯೆಯ ಅಮಾನತ್ತಿನ ಗುಣವನ್ನು ತಿಳಿಸಿರಿ. ಕೈಗೆ ಬಂದ ಬಲವು ಬೀದಿಯಲ್ಲಿ ತೋರಿಸಲು, ಫೋನಿನಲ್ಲಿ ಹಂಚಲು ದೊರೆತದ್ದಲ್ಲ. ನಿಮ್ಮ ಮಗುವಿನ ಶುಲ್ಕ ಕಟ್ಟುವಾಗ ಸಾಧ್ಯವಿದ್ದರೆ ಇನ್ನೊಂದು ಬಡ ಮಗುವಿನದನ್ನೂ ಕಟ್ಟಿರಿ, ಅದು ಯಾವ ಧರ್ಮದ ಮಗುವಾದರೂ ಸರಿ. ಕಲಿತ ಮಗು ವಾರಕ್ಕೊಮ್ಮೆಯಾದರೂ ತನಗಿಂತ ಕಿರಿಯರಿಗೆ ಕಲಿಸಲಿ. ಹೆಣ್ಣುಮಕ್ಕಳಿಗೆ ಮಹಿಳಾ ತರಬೇತುದಾರರನ್ನು ಹುಡುಕುವ, ಶಾದಿಮಹಲ್‌ನ ಸಭಾಂಗಣವನ್ನು ವಾರದಲ್ಲಿ ಎರಡು ಸಂಜೆ ಅವರಿಗಾಗಿ ಬಿಟ್ಟುಕೊಡುವ ಕೆಲಸವನ್ನು ಜಮಾಅತ್ ಕಮಿಟಿಗಳು ಕೈಗೊಳ್ಳಲಿ.

ನಿಮ್ಮ ಮಗ ಗೆದ್ದು ಬಂದಾಗ ಅವನನ್ನು ಅಭಿನಂದಿಸಿರಿ. ಆದರೆ ಅದರೊಂದಿಗೆ ಅವನ ಜೋಡಿ ಯಾರೆಂದು ಕೇಳಿರಿ. ನಿನ್ನ ಪಟ್ಟಿಗಾಗಿ ಎಷ್ಟು ಸಲ ಬಿದ್ದ, ಅವನಿಗಾಗಿ ನೀನು ಎಷ್ಟು ಸಲ ಬಿದ್ದೆ ಎಂದು ಕೇಳಿರಿ. ಆ ಪ್ರಶ್ನೆಗೆ ಮಗು ಕೊಡುವ ಉತ್ತರದಲ್ಲಿ ಅವನ ನಾಳಿನ ಬದುಕು ಕಾಣುತ್ತದೆ. ಗುಳೆ ಹೋದ ಮನೆಯ ಮಗುವನ್ನು ವಿಚಾರಿಸುವವನು, ಅಂಗಡಿಯಲ್ಲಿ ಸಾಲ ಕೇಳಿದ ನೆರೆಯವನ ಮಾನ ಕಾಯುವವನು, ಪರೀಕ್ಷೆಯಲ್ಲಿ ಸೋತ ತಮ್ಮನ ಪಕ್ಕದಲ್ಲಿ ಕುಳಿತುಕೊಳ್ಳುವವನು ರೂಪುಗೊಳ್ಳುವುದು ಇಂತಹ ತಾಲೀಮಿನಲ್ಲಿಯೇ. ದಾಸನು ತನ್ನ ಸಹೋದರನ ನೆರವಿನಲ್ಲಿ ಇರುವ ತನಕ ಅಲ್ಲಾಹನು ಆ ದಾಸನ ನೆರವಿನಲ್ಲಿರುತ್ತಾನೆಂಬ ಶುಭವಾರ್ತೆ ನಮಗೆ ಪ್ರವಾದಿವರ್ಯರಿಂದ(ಸ) ದೊರೆತಿದೆ. ಇದಕ್ಕಿಂತ ದೊಡ್ಡ ಬಲ ಯಾವ ಅಖಾಡದಲ್ಲಿ ಸಿಕ್ಕೀತು?

ಅಲ್ಲಾಹನು ನಮ್ಮ ಮಕ್ಕಳ ತೋಳುಗಳಿಗೆ ಶಕ್ತಿಯನ್ನೂ, ಆ ಶಕ್ತಿಯನ್ನು ಹಿಡಿದಿಡುವ ಸಹನೆಯನ್ನೂ, ಬಿದ್ದವರತ್ತ ಚಾಚುವ ಕೈಯನ್ನೂ ಕರುಣಿಸಲಿ. ಆಮೀನ್.